ನಲವತ್ತೊಂದನೆಯ ಕನ್ನಡಿ

ನೆಂಟರಲ್ಲಿ ಕೊನೆಯವರು ಭಾನುವಾರ ಸಂಜೆ ಹೊರಟರು. ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಎರಡು ಹಾಲಿನ ಪ್ಯಾಕೆಟ್ ಬಿದ್ದಿದ್ದವು. ಒಂದನ್ನು ನಿಲ್ಲಿಸಲು ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಎರಡನ್ನೂ ಕಾಯಿಸಿದೆ. ಒಂದು ಲೋಟ ಕಾಫಿ ಮಾಡಿ ಕುಡಿದು ಲೋಟ ತೊಳೆದಿಟ್ಟೆ. ಗಡಿಯಾರದಲ್ಲಿ ಏಳೂ ಹತ್ತು. ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ, ಯಾರೂ ನನಗೆ ಎರಡು ತುತ್ತು ತಿನ್ನು ಎನ್ನುತ್ತಿರಲಿಲ್ಲ. ಇಂದುಧರನನ್ನು ಮಣ್ಣು ಮಾಡಿ ಹನ್ನೆರಡು ದಿನವಾಗಿತ್ತು. ಮೊದಲ ಮಾಮೂಲು ಬೆಳಗು ಇದೇ ಇರಬೇಕು ಎಂದುಕೊಂಡೆ.

ಕೋಣೆಗೆ ಹೋಗಿ ಹಾಸಿಗೆ ಸರಿಮಾಡಿದೆ, ನನ್ನ ಬದಿಯನ್ನು ಮಾತ್ರ. ಅವನ ಬದಿಯಲ್ಲಿ ದಿಂಬಿನ ನೇರಕ್ಕೆ ಕಿಟಕಿ. ಕಿಟಕಿಯ ಹೊರಗಿನ ಸರಳಿಗೆ ಒಂದು ದುಂಡು ಕನ್ನಡಿಯನ್ನು ಬೋಲ್ಟು ಹಾಕಿ ಬಿಗಿದಿತ್ತು. ಇನ್ನು ಸ್ವಲ್ಪ ದಿನಕ್ಕೆ ತನಗೆ ಏಳಲಾಗುವುದಿಲ್ಲ ಎಂದು ಗೊತ್ತಾದಾಗ, ಮಲಗಿದಲ್ಲಿಂದಲೇ ಬೀದಿ ಕಾಣಲೆಂದು ಇಂದುಧರ ತಂದು ಕೂರಿಸಿದ್ದು. "ಕಡ ತಂದಿದ್ದು. ಆಮೇಲೆ ವಾಪಸ್ ಕೊಡ್ಬೇಕು, ನೆನಪಿಟ್ಕೊ" ಎಂದಿದ್ದ. ಯಾರದೆಂದು ಕೇಳಿದ್ದಕ್ಕೆ, "ನನ್ನನ್ನ ಬೇಕೂಂತ ಕಾಯಿಸ್ತಿದ್ದೋರ್ದು" ಎಂದು ನಕ್ಕಿದ್ದ. ಯಾವುದೋ ರಿಪೇರಿ ಶೆಡ್ಡಿನಲ್ಲಿ ಬಿದ್ದಿದ್ದ ಹಳೆಯ ಕನ್ನಡಿ ಇರಬೇಕೆಂದು ಸುಮ್ಮನಾದೆ. ಆ ದಿನಗಳಲ್ಲಿ ಔಷಧಿಗಳ ಹೆಸರು ಬಿಟ್ಟು ಬೇರೇನೂ ನನ್ನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ವಾರಕ್ಕೊಮ್ಮೆ ಆ ಕನ್ನಡಿಯನ್ನು ಒರೆಸುತ್ತಿದ್ದೆ. ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ೪೧ ಎಂದು ಬರೆದಿತ್ತು. ಅಳತೆಯ ನಂಬರು ಎಂದುಕೊಂಡಿದ್ದೆ.

ನಾನು ಈ ಊರಿಗೆ ಮದುವೆಯಾಗಿ ಬಂದವಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದರಿಂದ ಪುರಸಭೆಯ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಮನೆಯಿಂದ ಅಲ್ಲಿಗೆ ಇಪ್ಪತ್ತು ನಿಮಿಷದ ನಡಿಗೆ. ಮೊದಲ ದಿನ ನನಗೆ ಹಿಡಿದದ್ದು ಒಂದು ಗಂಟೆ ಹತ್ತು ನಿಮಿಷ.

ಇಲ್ಲಿ ಎಪ್ಪತ್ತು ತುಂಬಿದವರಿಗೆ ಪುರಸಭೆ ಒಂದು ಬ್ಯಾಟರಿ ಗಾಡಿ ಕೊಡುತ್ತದೆ. ಮೂರು ಚಕ್ರ, ಒಂದು ಸೀಟು, ಮುಂದೆ ಬುಟ್ಟಿ, ಬಲಗಡೆ ಕನ್ನಡಿ. ಆ ಗಾಡಿಯನ್ನು ಹಿಂದಿನಿಂದ ಯಾರೂ ದಾಟುವಂತಿಲ್ಲ. ಕೂತವರು ಕನ್ನಡಿಯಲ್ಲಿ ನಿಮ್ಮ ಮುಖ ನೋಡಬೇಕು, ನೋಡಿ ತಲೆಯಾಡಿಸಬೇಕು. ಆಮೇಲೆ ನೀವು ಮುಂದೆ. ಬಸ್ಸಿನವರಿಗೂ ಅಷ್ಟೇ, ಸೈಕಲ್ಲಿನವರಿಗೂ ಅಷ್ಟೇ, ಕಾಲ್ನಡಿಗೆಯವರಿಗೂ ಅಷ್ಟೇ. ಬಸ್ ನಿಲ್ದಾಣದ ಬೋರ್ಡಿನಲ್ಲಿ ಎರಡೆರಡು ಹೊತ್ತು ಬರೆದಿರುತ್ತಾರೆ: ಹಾಲಮ್ಮ ಮನೆಯಲ್ಲಿದ್ದರೆ ಎಂಟೂ ಹತ್ತು, ಗಾಡಿ ಹತ್ತಿ ಹೊರಟಿದ್ದರೆ ಎಂಟೂ ನಲವತ್ತು. ಮುಖ ತೊಳೆಯದೆ ಯಾರೂ ಮನೆ ಬಿಡುವುದಿಲ್ಲ. ಜಗಳವಾಡಿ ಹೊರಟ ಗಂಡಸರು ಎರಡು ಗಾಡಿ ದಾಟುವಷ್ಟರಲ್ಲಿ ತಣ್ಣಗಾಗಿರುತ್ತಾರೆ. ಗಾಡಿಯ ಹಿಂದೆ ನಡೆಯುತ್ತಲೇ ಅವರೆಕಾಯಿ ಸುಲಿದು ಮುಗಿಸುವ ಹೆಂಗಸರನ್ನು ನೋಡಿದ್ದೇನೆ. ಗಾಡಿಯ ಮೇಲೆ ಕೂತವರು ತೂಕಡಿಸಿದರೆ ಕರೆದು ಎಬ್ಬಿಸುವುದು ಅಗೌರವ, ಕೆಮ್ಮಬಹುದು. ಹಾಗಾಗಿ ಮಧ್ಯಾಹ್ನದ ಹೊತ್ತು ಊರಿನ ತುಂಬ ಕೆಮ್ಮು ಕೇಳುತ್ತದೆ. ಪರವೂರಿನವರು ಇಲ್ಲೇನೋ ರೋಗ ಹರಡಿದೆ ಎಂದುಕೊಳ್ಳುತ್ತಾರೆ.

ಇಂದುಧರ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರು. ಬೆಳಿಗ್ಗೆ ಓಡುತ್ತಿದ್ದ. ಗಾಡಿ ಸಿಕ್ಕರೆ ಅದರ ಹಿಂದೆ ನಿಂತಲ್ಲೇ ಓಡುತ್ತಿದ್ದ, ಮೊಣಕಾಲು ಎದೆಗೆ ತಾಗುವ ಹಾಗೆ. ಅದನ್ನು ಕನ್ನಡಿಯಲ್ಲಿ ನೋಡುವ ಆಸೆಗೆ ಕೆಲವರು ಬೇಗ ತಲೆಯಾಡಿಸುತ್ತಿರಲಿಲ್ಲ. ಮೂವತ್ಮೂರಕ್ಕೆ ಅವನ ಬೆನ್ನುಮೂಳೆಯಲ್ಲಿ ನೋವು ಶುರುವಾಯಿತು. ಮೂವತ್ನಾಲ್ಕು ತುಂಬಲಿಲ್ಲ.

ಅವನನ್ನು ಹೊತ್ತುಕೊಂಡು ಹೋಗುವಾಗಲೂ ಮುಂದೆ ಗಾಡಿಯಿತ್ತು. ಹಾಲಮ್ಮನದು. ಎಪ್ಪತ್ತೆಂಟು ವರ್ಷ, ಊರಿನ ಅರ್ಧ ಜನ ಹುಟ್ಟಿದ್ದೇ ಅವಳ ಕೈಯಲ್ಲಿ. ಮೆರವಣಿಗೆ ನಿಂತಿತು, ಭಜನೆ ನಿಂತಿತು. ಅವಳು ಕನ್ನಡಿಯಲ್ಲಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯಾಡಿಸಿದಳು. ಅವನು ಮುಂದೆ ಹೋದ.

ಸೋಮವಾರ ಏಳೂವರೆಗೆ ಬಾಗಿಲು ಹಾಕಿ ಹೊರಟೆ. ನಮ್ಮ ಬೀದಿಯ ತಿರುವಿನಲ್ಲಿ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಒಂದು ಮೋಟು ಗೋಡೆ. ಅದನ್ನು ದಾಟಿ ದೊಡ್ಡ ರಸ್ತೆಗೆ ಬಂದಾಗ ಮುಂದೆ ಹಾಲಮ್ಮನ ಗಾಡಿ. ನನ್ನ ಹಿಂದೆ ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸು, ಇಬ್ಬರು ಸೈಕಲ್ಲಿನವರು. ಹಾಲಮ್ಮ ಕನ್ನಡಿಯಲ್ಲಿ ನೋಡಿದಳು. ಸೊಪ್ಪಿನವಳಿಗೆ ತಲೆಯಾಡಿಸಿದಳು, ಅವಳು ಹೋದಳು. ಸೈಕಲ್ಲಿನವರು ಹೋದರು. ನನ್ನನ್ನು ನೋಡಿದಳು, ಕಣ್ಣು ರಸ್ತೆಗೆ ತಿರುಗಿಸಿಕೊಂಡಳು. ನಾನು ಹಿಂದೆಯೇ ನಡೆದೆ. ಬ್ಯಾಂಕು ಬಂತು, ಹಿಟ್ಟಿನ ಗಿರಣಿ ಬಂತು. ಹಿಂದಿನಿಂದ ಬಂದವರೆಲ್ಲ ಮುಂದೆ ಹೋದರು.

"ನೀಲವ್ವ," ಅವಳು ಹಿಂದೆ ತಿರುಗದೆ ಕರೆದಳು. "ಬಿಸಿಲಲ್ಲಿ ಬರಿ ತಲೇಲಿ ನಡೀಬೇಡ. ಸೆರಗು ಹೊದ್ಕೊ."

"ನಂಗೆ ಹೊತ್ತಾಯ್ತು ಅಜ್ಜಿ."

"ಆಗ್ಲಿ."

ಅಷ್ಟೇ ಮಾತು. ಎಂಟೂ ಐವತ್ತಕ್ಕೆ ತಲುಪಿದೆ.

ಪ್ರಯೋಗಾಲಯದಲ್ಲಿ ನನ್ನ ಮೇಲಿನವರು ಜಬೀವುಲ್ಲಾ ಸಾಹೇಬರು. ಸೋಮವಾರ ನಾನು ಹೋಗುವಷ್ಟರಲ್ಲಿ ಸ್ಯಾಂಪಲ್ ಬಾಟಲಿಗಳನ್ನು ತಾವೇ ಜೋಡಿಸಿಟ್ಟಿದ್ದರು. ಮಂಗಳವಾರವೂ ಹಾಗೇ ಆಯಿತು. ಹಾಲಮ್ಮನನ್ನು ತಪ್ಪಿಸಲು ಹಿಂದಿನ ಓಣಿ ಹಿಡಿದರೆ ಅಲ್ಲಿ ನಿವೃತ್ತ ತಹಶೀಲ್ದಾರರ ಗಾಡಿ. ಅವರೂ ನನ್ನನ್ನು ನೋಡಿದರು, ಟೋಪಿ ಸರಿಮಾಡಿಕೊಂಡರು, ತಲೆಯಾಡಿಸಲಿಲ್ಲ. ಬುಧವಾರ ಜಬೀವುಲ್ಲಾ ಸಾಹೇಬರು ಬಾಗಿಲಲ್ಲೇ ನಿಂತಿದ್ದರು.

"ನೀಲಾ, ನೀರಿಗೆ ಸೂತಕ ಗೊತ್ತಾಗಲ್ಲಮ್ಮ. ಎಂಟೂವರೆಗೆ ಸ್ಯಾಂಪಲ್ ಇಡದಿದ್ರೆ ನಾಳೆ ಊರಿಗೆ ಏನು ಕುಡಿಸ್ತಿದ್ದೀವಿ ಅಂತ ನಂಗೂ ಗೊತ್ತಿರಲ್ಲ."

"ದಾರಿ ಬಿಡ್ತಿಲ್ಲ ಸರ್."

"ಯಾರು?"

"ಯಾರೂ."

ಅವರು ಕನ್ನಡಕ ತೆಗೆದು ಒರೆಸಿದರು. "ನಮ್ಮ ತಂದೆ ಹೋದಾಗ ನನಗೂ ಹಂಗೇ ಮಾಡಿದ್ರು. ಮಣ್ಣು ಮಾಡಿ ಬಂದ ಮನೆಯೋರಿಗೆ ಮುಂದೆ ಹೋಗು ಅನ್ನಬಾರದಂತೆ. ಹೋದವರ ಹಿಂದೇನೇ ಕಳಿಸಿದಂಗೆ ಆಗುತ್ತಂತೆ."

"ಎಷ್ಟು ದಿನ?"

"ಅದು ಎಲ್ಲೂ ಬರೆದಿಲ್ಲ. ಯಾರಾದ್ರೂ ಒಬ್ರು ಮೊದಲು ತಲೆಯಾಡಿಸ್ಬೇಕು, ಆಮೇಲೆ ಎಲ್ರೂ ಆಡಿಸ್ತಾರೆ. ನನಗೆ ಹದಿನೇಳು ದಿನ ಆಯ್ತು. ಆವತ್ತಿಂದ ಬೆಳಿಗ್ಗೆ ನಾಲ್ಕಕ್ಕೆ ಏಳೋದು ಅಭ್ಯಾಸ ಆಗಿದ್ದು, ಇನ್ನೂ ಹೋಗಿಲ್ಲ."

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಆ ವಾರ ನನಗೆ ಏನೂ ಬರುತ್ತಿರಲಿಲ್ಲ, ಹಸಿವು ಕೂಡ. ಗಾಡಿಯ ಹಿಂದೆ ನಡೆಯುವಾಗ ಹಾಲಮ್ಮನ ಕನ್ನಡಿಯಲ್ಲಿ ನನ್ನ ಮುಖವೂ ಕಾಣುತ್ತಿತ್ತು. ಯಾರದೋ ಗುರುತಿನ ಚೀಟಿಯ ಫೋಟೋ ಹಾಗೆ. ಒಂದು ಸಂಗತಿ ಮಾತ್ರ ಗಮನಿಸಿದೆ. ಅವಳು ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು, ಕನ್ನಡಿಯಲ್ಲಿ ನನ್ನನ್ನು ನೋಡಿ ಮುಚ್ಚಿಕೊಳ್ಳುತ್ತಿದ್ದಳು. ದಿನಕ್ಕೆ ಮೂರು ಸಲ, ನಾಲ್ಕು ಸಲ.

ಶುಕ್ರವಾರ ಗಡಿಯಾರ ಕಂಬದ ಹತ್ತಿರ ಅವಳು ಗಾಡಿ ನಿಲ್ಲಿಸಿದಳು. ಅಲ್ಲಿ ಪುರಸಭೆಯ ನೌಕರನೊಬ್ಬ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ದಾಟುವ ಗಾಡಿಗಳ ನಂಬರನ್ನು ಗುರುತು ಹಾಕಿಕೊಳ್ಳುವುದೇ ಅವನ ಕೆಲಸ. ನಾನು ಗಾಡಿಯ ಪಕ್ಕಕ್ಕೆ ಬಂದು ನಿಂತೆ. ಪಕ್ಕಕ್ಕೆ ಬರಬಹುದು, ಮುಂದೆ ಹೋಗುವಂತಿಲ್ಲ.

"ಅಜ್ಜಿ, ಇನ್ನೂ ಎಷ್ಟು ದಿನ?"

"ನಿನ್ನ ಗಂಡಂಗೆ ತಲೆಯಾಡಿಸಿದ್ದು ನಾನೇ ಕಣವ್ವ. ಹುಟ್ಟಿದಾಗ ಅವನ ತಲೆ ಹಿಡಿದು ಎಳೆದೋಳೂ ನಾನೇ. ಅಂಥಾದ್ರಲ್ಲಿ ಅವನ ಹೆಂಡ್ತಿಗೂ ನೀನು ಹೋಗು ಅನ್ನು ಅಂದ್ರೆ ಈ ಕತ್ತು ಬಗ್ಗಲ್ಲ." ಸ್ವಲ್ಪ ಹೊತ್ತು ಬುಟ್ಟಿಯಲ್ಲಿದ್ದ ಎಲೆಕೋಸನ್ನು ತಿರುಗಿಸಿದಳು. "ನಮ್ಮಣ್ಣ ರಸ್ತೇಲಿ ಇದ್ದಿದ್ರೆ ಎರಡನೇ ದಿನಕ್ಕೇ ಕಳಿಸ್ತಿದ್ದ. ಅವನಿಗೆ ಇದೆಲ್ಲ ನಂಬಿಕೆ ಇಲ್ಲ."

"ಅವರಿಗೇನಾಯ್ತು?"

"ಏನಾಗುತ್ತೆ, ಇದಾನೆ. ಮನೇಲಿ ಇದಾನೆ." ಮತ್ತೆ ಬಾಯಿ ತೆರೆದಳು, ಮುಚ್ಚಿದಳು. ಕಂಬಕ್ಕೆ ಅಂಟಿಸಿದ್ದ ಕಾಗದದ ಕಡೆ ಒಂದು ಸಲ ನೋಡಿದಳು. ಆಮೇಲೆ ನನ್ನನ್ನೂ ನೋಡದೆ ಗಾಡಿ ಬಿಟ್ಟುಕೊಂಡು ಹೊರಟಳು.

ಕಾಗದ ಓದಿದೆ. ಆರು ತಿಂಗಳಿಂದ ರಸ್ತೆಗೆ ಬಾರದ ಗಾಡಿಗಳ ಪಟ್ಟಿ. ಪಟ್ಟಿಯಲ್ಲಿದ್ದುದು ಒಂದೇ ಸಾಲು. ನಂಬರು ೪೧, ಷಡಕ್ಷರಪ್ಪ, ನಿವೃತ್ತ ಬಸ್ ಚಾಲಕರು. ಶನಿವಾರ ಸಂಜೆ ಆರು ಗಂಟೆಯೊಳಗೆ ಕಂಬ ದಾಟದಿದ್ದರೆ ಗಾಡಿಯನ್ನು ಹಿಂದಕ್ಕೆ ಪಡೆದು ಸರದಿಯಲ್ಲಿರುವ ಮುಂದಿನವರಿಗೆ ಕೊಡಲಾಗುವುದು.

ನಾನು ಅದನ್ನು ಎರಡು ಸಲ ಓದಿದೆ. ಕುರ್ಚಿಯಲ್ಲಿದ್ದ ನೌಕರ ನನ್ನನ್ನೇ ನೋಡುತ್ತಿದ್ದ.

"ಅವರ ಗಾಡಿ ಕೆಟ್ಟಿದೆಯಾ?" ಎಂದೆ.

"ಗಾಡಿ ಚೆನ್ನಾಗೇ ಇದೆ ಮೇಡಂ. ಕನ್ನಡಿ ಇಲ್ಲ. ಕನ್ನಡಿ ಇಲ್ದೆ ರಸ್ತೆಗೆ ಬರಂಗಿಲ್ಲ, ಹಿಂದಿನೋರು ದಾಟಕ್ಕಾಗದೆ ಊರೇ ನಿಂತ್ಕೊಳುತ್ತಲ್ಲ. ಇನ್ನೊಂದು ಕೊಡೋ ಪದ್ಧತಿ ಇಲ್ಲ. ಒಬ್ರಿಗೆ ಒಂದೇ." ಅವನು ಪೆನ್ನಿನ ತುದಿ ಕಚ್ಚಿದ. "ಕಳೀತಾ ಅಂತ ಕೇಳಿದ್ರೆ ಇಲ್ಲ ಅಂತಾರೆ. ಮತ್ತೆಲ್ಲಿದೆ ಅಂದ್ರೆ, ಡ್ಯೂಟಿ ಮೇಲೆ ಹೋಗಿದೆ ಅಂತಾರೆ. ವಯಸ್ಸಾಯ್ತಲ್ಲ."

ಸಂಜೆ ಮನೆಗೆ ಬಂದಾಗ ಐದೂವರೆ. ಗೂಡಿನಿಂದ ಸ್ಪ್ಯಾನರ್ ತೆಗೆದುಕೊಂಡು ಕೋಣೆಗೆ ಹೋದೆ. ಬೋಲ್ಟಿನ ತಲೆ ಎಷ್ಟರದೆಂದು ಸರಿಯಾಗಿ ಕಾಣಲಿಲ್ಲ. ಹಾಸಿಗೆಯ ಮೇಲೆ ಹತ್ತಿದೆ, ಬಗ್ಗಿದೆ, ಆಗಲಿಲ್ಲ. ಕೊನೆಗೆ ಅವನ ಬದಿಯಲ್ಲಿ ಮಲಗಿದೆ. ತಲೆ ಅವನ ದಿಂಬಿನ ಮೇಲೆ ಇತ್ತು. ಕನ್ನಡಿ ನೋಡಿದೆ.

ಅದರಲ್ಲಿ ಬೀದಿ ಕಾಣುತ್ತದೆ ಎಂದು ನಾನು ತಿಳಿದಿದ್ದೆ. ಹೋಗಿ ಬರುವ ಜನ, ಹಣ್ಣಿನ ಗಾಡಿ, ಶಾಲೆಯ ಮಕ್ಕಳು. ಅವನಿಗೆ ಹೊತ್ತು ಹೋಗಲಿ ಎಂದಲ್ಲವೇ ಅದನ್ನು ತಂದದ್ದು. ಅದರಲ್ಲಿ ಬೀದಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ತಿರುವು, ಟ್ರಾನ್ಸ್‌ಫಾರ್ಮರ್, ಅದರ ಪಕ್ಕದ ಮೋಟು ಗೋಡೆ. ಅಷ್ಟೇ. ಅದಕ್ಕೆ ಬೇಕಾದಷ್ಟೇ ಕನ್ನಡಿ, ಬೇಕಾದಷ್ಟೇ ಓರೆ.

ಆರು ತಿಂಗಳ ಕಾಲ ಪ್ರತಿ ಸಂಜೆ ನಾನು ಆ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಮನೆಗೆ ಬರುವ ಮೊದಲು. ಐದು ನಿಮಿಷ, ಕೆಲವು ದಿನ ಹತ್ತು. ಸುಮ್ಮನೆ ನಿಲ್ಲುತ್ತಿದ್ದೆ. ಎರಡು ಮೂರು ಸಲ ಕಡಲೆಕಾಯಿ ತಿಂದದ್ದುಂಟು, ಒಂದೊಂದೇ, ಮುಗಿಯದಿರಲಿ ಎನ್ನುವ ಹಾಗೆ. ಒಂದು ಸಲ ಅತ್ತಿದ್ದೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನಗು ಬರುತ್ತದೆಯೇ ಎಂದು ನೋಡಿಕೊಂಡು, ಒಳಗೆ ಬರುತ್ತಿದ್ದೆ. "ಯಾರ ಗಾಡಿ ಅಡ್ಡ ಸಿಕ್ತು?" ಎಂದು ಅವನು ಕೇಳುತ್ತಿದ್ದ. ನಾನು ಯಾರದಾದರೂ ಹೆಸರು ಹೇಳುತ್ತಿದ್ದೆ. "ಹಾಲಮ್ಮಂದು." "ತಹಶೀಲ್ದಾರ್‌ದು." "ಅವರು ಹಂಗೇ ಬಿಡು" ಎನ್ನುತ್ತಿದ್ದ.

ಅವನು ನೋಡಿದ್ದ. ಪ್ರತಿ ದಿನ. ನೋಡಿ, ಸುಳ್ಳು ಹೇಳಲು ನನಗೆ ಒಂದು ಗಾಡಿಯನ್ನು ತಾನೇ ಒದಗಿಸಿಕೊಡುತ್ತಿದ್ದ.

ಬೆಳಕಿನ ನಿಯಮ ಸರಳವಾದದ್ದು. ಕನ್ನಡಿಯಲ್ಲಿ ಅವನಿಗೆ ನಾನು ಕಂಡಿದ್ದರೆ ನನಗೂ ಅವನು ಕಾಣಬೇಕಿತ್ತು. ನಾನು ತಲೆ ಎತ್ತಿ ನೋಡಿರಲಿಲ್ಲ.

ಎಷ್ಟು ಹೊತ್ತು ಹಾಗೆ ಮಲಗಿದ್ದೆನೋ. ಎದ್ದು ಸ್ಪ್ಯಾನರನ್ನು ಬೋಲ್ಟಿಗೆ ಹಾಕಿದೆ. ಒಂದು ಸುತ್ತು ಸಡಿಲ ಮಾಡಿದರೆ ಆ ಓರೆ ಹೋಗುತ್ತದೆ. ಅವನ ಕೈ ನಿಲ್ಲಿಸಿದ ಹಾಗೆಯೇ ಇನ್ನೂ ಇದ್ದದ್ದು ಮನೆಯಲ್ಲಿ ಅದೊಂದೇ. ಉಳಿದದ್ದನ್ನೆಲ್ಲ ನೆಂಟರು ಹನ್ನೆರಡು ದಿನ ಗುಡಿಸಿ, ಒಗೆದು, ಜೋಡಿಸಿಬಿಟ್ಟಿದ್ದರು. ಕಾಲೇಜಿನ ದಿನಗಳ ಕಂಪಾಸು ಪೆಟ್ಟಿಗೆ ಹುಡುಕಿ ಕೋನಮಾಪಕ ತಂದೆ. ಕೋನ ಬರೆದಿಟ್ಟುಕೊಂಡರೆ ಆಯಿತು ಎಂದುಕೊಂಡೆ. ಸರಳಿಗೆ ಹಿಡಿದು ನೋಡಿದೆ, ಐವತ್ತೆಂಟು ಡಿಗ್ರಿ. ಐವತ್ತೆಂಟು ಡಿಗ್ರಿಯನ್ನು ಇಟ್ಟುಕೊಂಡು ನಾನು ಏನು ಮಾಡುವುದು ಎಂದು ಹೊಳೆಯಲಿಲ್ಲ. ಕೋನಮಾಪಕವನ್ನು ಪೆಟ್ಟಿಗೆಗೆ ಹಾಕಿದೆ. ಕನ್ನಡಿಯನ್ನು ಬಿಚ್ಚಲೂ ಇಲ್ಲ.

ಶನಿವಾರ ಅರ್ಧ ದಿನದ ಕೆಲಸ. ಬೆಳಿಗ್ಗೆ ಹಾಲಮ್ಮ ಕಾಣಲಿಲ್ಲ, ತಹಶೀಲ್ದಾರರು ಸಿಕ್ಕರು, ತಡವಾಯಿತು. ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂತೆ, ಏಳು ತುತ್ತು ತಿಂದೆ. ಎರಡೂವರೆಯಿಂದ ನಾಲ್ಕರವರೆಗೆ ಮಂಚದ ತುದಿಯಲ್ಲಿ ಕೂತಿದ್ದೆ. ಇಟ್ಟುಕೊಳ್ಳಬಹುದಿತ್ತು. ಯಾರೂ ಕೇಳಿರಲಿಲ್ಲ, ಇನ್ನು ಕೇಳುವವರೂ ಇರಲಿಲ್ಲ. ಎರಡು ಗಂಟೆ ಕಳೆದರೆ ಗಾಡಿ ಬೇರೆಯವರದಾಗುತ್ತದೆ, ಕನ್ನಡಿ ಕಿಟಕಿಯದಾಗುತ್ತದೆ. ಕನ್ನಡಿಯಲ್ಲಿ ಗೋಡೆ ಕಾಣುತ್ತಿತ್ತು. ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಮುಂದೆಯೂ ಅಲ್ಲಿ ಯಾರೂ ಬಂದು ನಿಲ್ಲುವುದಿಲ್ಲ, ಏಕೆಂದರೆ ನಿಲ್ಲಬೇಕಾದವಳು ಇಲ್ಲಿ ಕೂತಿದ್ದಾಳೆ. ಇದು ನನಗೆ ತಿಳಿಯಲು ಒಂದೂವರೆ ಗಂಟೆ ಹಿಡಿಯಿತು.

ಬೋಲ್ಟು ಗಟ್ಟಿಯಾಗಿ ಕೂತಿತ್ತು. ಅಡುಗೆ ಎಣ್ಣೆ ಬಿಟ್ಟು ತಿರುಗಿಸಿದೆ. ಬಂತು.

ಕನ್ನಡಿಯನ್ನು ಎದೆಗೆ ಒತ್ತಿ ಹಿಡಿದು ಹೊರಬಿದ್ದಾಗ ಐದಕ್ಕೆ ಹತ್ತು ನಿಮಿಷ. ಷಡಕ್ಷರಪ್ಪನವರ ಮನೆ ಹಳೇ ಬಸ್ ಡಿಪೋ ಹಿಂದೆ ಎಂದು ಹಾಲಿನವನು ಹೇಳಿದ್ದ. ದೊಡ್ಡ ರಸ್ತೆಗೆ ಕಾಲಿಟ್ಟರೆ ಮುಂದೆ ಹಾಲಮ್ಮ. ಗಾಡಿ ಎಂದಿನ ಹಾಗೆ ಆಮೆಯ ನಡಿಗೆಯಲ್ಲಿತ್ತು. ನಾನು ಹಿಂದೆ ಬಂದು ನಿಂತೆ, ಕೆಮ್ಮಿದೆ. ಅವಳು ಕನ್ನಡಿಯಲ್ಲಿ ನೋಡಿದಳು. ನಾನು ಕೈಯಲ್ಲಿದ್ದುದನ್ನು ತಿರುಗಿಸಿ ಬೆನ್ನು ತೋರಿಸಿದೆ. ಅವಳ ಕನ್ನಡಿಯಲ್ಲಿ ಅಂಕಿ ಉಲ್ಟಾ ಕಂಡಿರಬೇಕು. ಆದರೂ ಓದಿಕೊಂಡಳು.

ತಲೆಯಾಡಿಸಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಹಿಡಿಯನ್ನು ಕೊನೆಯವರೆಗೆ ತಿರುಗಿಸಿದಳು. "ಬಾರವ್ವ ಹಿಂದೆ" ಎಂದಳು.

ಆ ಗಾಡಿಗಳು ಅಷ್ಟು ಜೋರಾಗಿ ಹೋಗುತ್ತವೆ ಎಂದು ಊರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎಲೆಕೋಸು ಬುಟ್ಟಿಯಲ್ಲಿ ಕುಣಿಯಿತು. ನಾನು ಹಿಂದೆ ಓಡಿದೆ. ಮದುವೆಯಾದ ಮೇಲೆ ಓಡಿರಲಿಲ್ಲ. ಇಂದುಧರ ಎಷ್ಟು ಕರೆದರೂ ಹೋಗಿರಲಿಲ್ಲ. ತಹಶೀಲ್ದಾರರ ಗಾಡಿ ಅಡ್ಡ ಸಿಕ್ಕಿತು. ಹಾಲಮ್ಮ ಕೆಮ್ಮಲಿಲ್ಲ.

"ರೀ ಸಾಹೇಬ್ರೆ, ನಿದ್ದೆ ಮನೇಲಿ ಮಾಡಿ. ತಲೆ ಆಡಿಸ್ರಿ."

ಅವರು ಬೆಚ್ಚಿ ತಲೆಯಾಡಿಸಿದರು. ಅದು ಅವಳಿಗೋ ನನಗೋ ಅವರಿಗೇ ಗೊತ್ತಿರಲಿಕ್ಕಿಲ್ಲ. ಇಬ್ಬರೂ ದಾಟಿದೆವು.

ಷಡಕ್ಷರಪ್ಪನವರು ಅಂಗಳದಲ್ಲಿ ಗಾಡಿಯ ಮೇಲೇ ಕೂತಿದ್ದರು. ಗಾಡಿ ಮಿರಮಿರ ಹೊಳೆಯುತ್ತಿತ್ತು. ಚಾರ್ಜಿಂಗ್ ವೈರು ಬಾಗಿಲೊಳಗಿನಿಂದ ಬಂದು ಅದಕ್ಕೆ ಸಿಕ್ಕಿಸಿತ್ತು. ಕನ್ನಡಿ ಇರಬೇಕಾದ ಕಡೆ ಬರೀ ಕಬ್ಬಿಣದ ಕಡ್ಡಿ. ಎಂಬತ್ತೊಂದು ವರ್ಷದ ಸಣಕಲು ದೇಹ, ಖಾಕಿ ಅಂಗಿ. ಆರು ತಿಂಗಳು ಪ್ರತಿ ದಿನ ಹೀಗೇ ಕೂರುತ್ತಿದ್ದರೆಂದು ಹಾಲಮ್ಮ ಆಮೇಲೆ ಹೇಳಿದಳು. ಎಂಟಕ್ಕೆ ಹತ್ತಿ, ಸಂಜೆ ಆರಕ್ಕೆ ಇಳಿದು.

"ಅಣ್ಣಯ್ಯ, ನಿನ್ನ ಕನ್ನಡಿ ಬಂತು."

ಅವರು ಕನ್ನಡಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಮ್ಮ ಡ್ರಿಲ್ ಮಾಸ್ಟ್ರ ಮನೆಯೋಳಾ? ಕೂತ್ಕೊಳವ್ವ. ಉಸಿರು ಬಿಡು ಮೊದ್ಲು."

"ಟೈಮಿಲ್ಲ ತಾತ, ಐದೂಕಾಲಾಯ್ತು." ಅಲ್ಲೇ ಮೊಣಕಾಲೂರಿ ಕಡ್ಡಿಗೆ ಕನ್ನಡಿ ಸಿಕ್ಕಿಸಿ ಬೋಲ್ಟು ತಿರುಗಿಸತೊಡಗಿದೆ. "ನೀವು ಯಾಕೆ ಕೇಳ್ಲಿಲ್ಲ? ನಂಗೆ ಗೊತ್ತಿರ್ಲಿಲ್ಲ. ಒಂದು ಮಾತು ಹೇಳಿ ಕಳಿಸಿದ್ರೆ ಸಾಕಿತ್ತು."

"ಮಲಗಿರೋ ಹುಡುಗನ ಕಿಟಕಿಯಿಂದ ಕನ್ನಡಿ ಬಿಚ್ಕೊಂಡು ಬಾ ಅನ್ನಕ್ಕಾಗುತ್ತಾ?"

"ಆಮೇಲಾದ್ರೂ?"

"ಆಮೇಲೆ ಇವಳಿಗೆ ಹೇಳ್ದೆ. ದಿನಾ ಬಂದು, ಇವತ್ತು ಬಾಯಿಗೆ ಬಂದಿತ್ತು ಅಣ್ಣಯ್ಯ, ನಾಳೆ ಹೇಳ್ತೀನಿ ಅಂತಿದ್ಲು."

"ಹೇಳಕ್ಕೆ ಅಂತಾನೇ ಹಿಂದೆ ಇಟ್ಕೊಂಡಿರ್ತಿದ್ದೆ. ಮುಖ ನೋಡಿದ್ರೆ ಮಾತು ಬರ್ತಿರ್ಲಿಲ್ಲ" ಎಂದಳು ಹಾಲಮ್ಮ, ನನಗಲ್ಲ, ಎಲೆಕೋಸಿಗೆ.

ಕೇಳಬಾರದೆಂದುಕೊಂಡಿದ್ದೆ. ಆದರೂ ಕೇಳಿದೆ. "ತಾತ, ಅವನು ಯಾಕೆ ಬೇಕು ಅಂದ ಇದು? ನಾನು ಆ ಮೂಲೇಲಿ ನಿಂತ್ಕೊಳ್ತಿದ್ದೆ. ಮನೆಗೆ ಬರಕ್ಕೆ ಮನಸ್ಸಾಗ್ದೆ. ಅದನ್ನ ನೋಡಕ್ಕಾ?"

ಷಡಕ್ಷರಪ್ಪನವರು ಗಾಡಿಯ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದರು.

"ನೀನು ಅಲ್ಲಿ ನಿಂತ್ಕೊಳ್ತೀಯ ಅಂತ ಅವನಿಗೆ ಯಾರೋ ಹೇಳಿದ್ರಂತೆ. ನೋಡು, ನಮ್ಮೂರಲ್ಲಿ ಎಲ್ಲಾ ಗೊತ್ತಾಗುತ್ತೆ. ಅವನು ನನ್ನತ್ರ ಬಂದಾಗ ಕೋಲು ಹಿಡ್ಕೊಂಡು ಬಂದಿದ್ದ. ತಾತ, ಅವಳು ಬರೋ ಹೊತ್ತಿಗೆ ನಾನು ಚೆನ್ನಾಗಿರ್ಬೇಕು ಅಂದ. ಹಗಲೆಲ್ಲ ನರಳ್ತೀನಿ, ಅದು ಅವಳ ಕಿವಿಗೆ ಬೀಳಬಾರದು. ನಿಲ್ಲಿಸಕ್ಕೆ, ಮುಖ ಒರೆಸ್ಕೊಳಕ್ಕೆ, ಒಂದು ಐದು ನಿಮಿಷ ಬೇಕು. ಅವಳು ಮೂಲೇಲಿ ಐದು ನಿಮಿಷ ನಿಲ್ತಾಳಂತೆ, ಅಷ್ಟು ಸಾಕು. ಆದ್ರೆ ಬಂದಿದ್ದು ನಂಗೆ ಗೊತ್ತಾಗ್ಬೇಕಲ್ಲ, ಅಂದ." ಅವರು ನಕ್ಕರು. "ಮೂವತ್ನಾಲ್ಕು ವರ್ಷ ಬಸ್ ಓಡಿಸಿದೀನಿ. ಹಿಂದೆ ಯಾರು ಬರ್ತಿದಾರೆ ಅಂತ ತಿಳ್ಕೊಳ್ಳೋ ಕಷ್ಟ ನಂಗೆ ಗೊತ್ತಿಲ್ವಾ? ಬಿಚ್ಚಿ ಕೊಟ್ಟೆ."

ನಾನು ಬೋಲ್ಟನ್ನು ಬಿಗಿಯುತ್ತಲೇ ಇದ್ದೆ. ಅದು ಆಗಲೇ ಬಿಗಿಯಾಗಿತ್ತು.

ನಾನು ಅಲ್ಲಿ ನಿಂತು ಮುಖ ಸರಿಮಾಡಿಕೊಳ್ಳುತ್ತಿದ್ದಾಗ ಅವನು ಮನೆಯೊಳಗೆ ಮುಖ ಸರಿಮಾಡಿಕೊಳ್ಳುತ್ತಿದ್ದ. ನಾನು ಹತ್ತು ನಿಮಿಷ ನಿಂತ ದಿನ ಅವನಿಗೆ ಹತ್ತು ನಿಮಿಷ ಸಿಕ್ಕಿತ್ತು. ಕಣ್ಣಿನಲ್ಲಿ ನೀರು ಬಂತು, ಸ್ಪ್ಯಾನರಿನ ಮೇಲೆ ಬಿತ್ತು. ಆ ವಾರದಲ್ಲಿ, ಅದರ ಹಿಂದಿನ ವಾರದಲ್ಲಿ, ಬಂದ ಮೊದಲನೆಯದು. ಹಾಲಮ್ಮ ಚಾರ್ಜಿಂಗ್ ವೈರನ್ನು ಕಿತ್ತು ಸುತ್ತಿಟ್ಟಳು.

"ಹಿಂದೆ ಹೋಗಿ ನಿಂತ್ಕೊಳವ್ವ" ಎಂದರು ಷಡಕ್ಷರಪ್ಪ. "ಕನ್ನಡಿ ಕೂರಿಸ್ಕೋಬೇಕು."

ನಿಂತೆ. ಅವರು ಕನ್ನಡಿಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಐವತ್ತೆಂಟು ಡಿಗ್ರಿ ಎಲ್ಲಿಗೋ ಹೋಯಿತು. "ಕಾಲು ಕಾಣ್ತಿದೆ. ಹಾಂ, ಸೊಂಟ. ಈಗ ಸರಿ, ಕಂಡೆ."

ಆದರೆ ಗಾಡಿ ಹೊರಡಲಿಲ್ಲ. ಅವರು ಹಿಡಿಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದರು.

"ಏನಾಯ್ತು ಅಣ್ಣಯ್ಯ?"

"ಆರು ತಿಂಗಳಾಯ್ತಲ್ಲೇ. ಕೈ ಹೆದರ್ತಿದೆ. ಹಿಂದಿಂದ ಯಾರಾದ್ರೂ ಹೇಳದೆ ನಾನು ಯಾವತ್ತೂ ಗಾಡಿ ಎತ್ತಿದೋನಲ್ಲ."

ನಾನು ಗಾಡಿಯ ಬೆನ್ನಿಗೆ ಎರಡು ಸಲ ತಟ್ಟಿದೆ. "ರೈಟ್, ರೈಟ್" ಎಂದೆ.

ಗಾಡಿ ಹೊರಟಿತು.

ಗಡಿಯಾರ ಕಂಬ ತಲುಪಿದಾಗ ಆರಕ್ಕೆ ಎಂಟು ನಿಮಿಷ. ಮುಂದೆ ಷಡಕ್ಷರಪ್ಪ, ಅವರ ಹಿಂದೆ ನಾನು, ನನ್ನ ಹಿಂದೆ ಹಾಲಮ್ಮ, ಅವಳ ಹಿಂದೆ ಅರ್ಧ ಊರು ಮತ್ತು ಆರು ಗಂಟೆಯ ಬಸ್ಸು. ನೌಕರ ಕುರ್ಚಿಯಿಂದ ಎದ್ದು ನಿಂತು ನಂಬರು ಗುರುತು ಹಾಕಿಕೊಂಡ. ಕಂಬಕ್ಕಂಟಿದ್ದ ಕಾಗದವನ್ನು ಉಗುರಿನಿಂದ ಕಿತ್ತು ಜೇಬಿಗೆ ಹಾಕಿಕೊಂಡ. "ಡ್ಯೂಟಿ ಮುಗೀತಾ ಯಜಮಾನ್ರೆ ಅದರದ್ದು?" ಎಂದ.

"ಮುಗೀತು."

ಕಂಬ ದಾಟಿ ಹತ್ತು ಮಾರು ಹೋದ ಮೇಲೆ ಷಡಕ್ಷರಪ್ಪ ನಿಧಾನ ಮಾಡಿದರು. ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಹನ್ನೆರಡು ದಿನ, ಆಮೇಲೆ ಆರು ದಿನ, ಜನ ನನ್ನನ್ನು ನೋಡಿ ಕಣ್ಣು ತಿರುಗಿಸಿದ್ದರು. ಅವರು ತಿರುಗಿಸಲಿಲ್ಲ. ನಾನೂ ಈ ಸಲ ತಲೆ ಎತ್ತಿ ಕನ್ನಡಿಯನ್ನೇ ನೋಡಿದೆ. ಅದರಲ್ಲಿ ಅವರ ಕಣ್ಣು ಕಂಡಿತು. ಅಂಚಿನಲ್ಲಿ ಒರೆಸದೆ ಬಿಟ್ಟಿದ್ದ ಅಡುಗೆ ಎಣ್ಣೆಯ ಬೆರಳಚ್ಚು ಕಂಡಿತು, ನನ್ನದು.

"ಅಣ್ಣಯ್ಯ, ಬೇಡ, ಇನ್ನೂ ಹದಿನೇಳೇ ದಿನ" ಎಂದಳು ಹಾಲಮ್ಮ ಹಿಂದಿನಿಂದ.

"ಹದಿನೆಂಟು" ಎಂದೆ ನಾನು.

ಷಡಕ್ಷರಪ್ಪ ತಲೆಯಾಡಿಸಿದರು.

ಗಾಡಿಯ ಪಕ್ಕದಿಂದ ದಾಟುವಾಗ ಸ್ಪ್ಯಾನರ್ ಇನ್ನೂ ಕೈಯಲ್ಲೇ ಇತ್ತು. ಮುಂದೆ ರಸ್ತೆ ಖಾಲಿಯಾಗಿತ್ತು. ಸ್ವಲ್ಪ ದೂರ ನಡೆದೆ. ಆಮೇಲೆ, ಯಾರೂ ಕರೆಯದಿದ್ದರೂ, ಓಡಿದೆ.